ಕ್ಯಾಸಿಯೊ ಗುಂಡಿಯಲ್ಲಿ ಸಿಕ್ಕ ರಿಡಿಮ್

ಸ್ಟೇಜ್ ಸೌಂಡ್ ಮಾಡುವುದು ನನ್ನ ಕೆಲಸ. ಹೊಸ ಸ್ಪೀಕರ್ ಬಾಕ್ಸ್ ಬಂದರೆ ಮೊದಲು ಹಾಕುವುದು ಜಮೈಕಾದ ಒಂದು ಹಾಡು, ವೇಯ್ನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’. ಸಬ್‌ವೂಫರ್ ಜಾಲರಿ ಮೇಲೆ ಅಂಗೈ ಇಟ್ಟು ನಿಲ್ಲುತ್ತೇನೆ. ಬೇಸ್‌ನ ಒಂದು ಸ್ವರ ಉಬ್ಬಿ ಇನ್ನೊಂದು ಸೊರಗಿದರೆ, ತಪ್ಪು ಬಾಕ್ಸ್‌ನದು ಇಲ್ಲವೇ ಹಾಲ್‌ನದು. ಹಾಡಿನದಂತೂ ಅಲ್ಲ. ಅದರ ಬೇಸ್ ನುಡಿಸಿದ್ದು ಬೆರಳಲ್ಲ, ಯಂತ್ರ. ಪ್ರತಿ ಸುತ್ತಿನಲ್ಲೂ ಅದೇ ಪೆಟ್ಟು, ಅದೇ ತೂಕ.

ರಿಡಿಮ್ ಅಂದರೆ ಬರೀ ತಾಳ ಅಲ್ಲ. ಡ್ರಮ್ಮು, ಬೇಸು ಸೇರಿ ಆಗುವ ಹಾಡಿನ ಬುಡ. ಅದಕ್ಕೇ ಬೇರೆ ಹೆಸರಿರುತ್ತದೆ. ನಮ್ಮಲ್ಲಿ ಒಂದೇ ಮಟ್ಟಿಗೆ ಬೇರೆ ಬೇರೆ ಪದ ಕಟ್ಟಿ ಹಾಡುತ್ತಾರಲ್ವಾ? ಜಮೈಕಾದಲ್ಲಿ ಹಾಡುವ ಮಟ್ಟೂ ಬದಲಾಗಬಹುದು, ಬುಡ ಮಾತ್ರ ಅದೇ. ‘ಇದು ಕದ್ದ ಹಾಗಲ್ವಾ ಸರ್?’ ಎಂದು ನಮ್ಮ ಹುಡುಗರು ಕೇಳುತ್ತಾರೆ. ಅಲ್ಲಿ ಅದನ್ನು ಕಳವು ಎಂದು ನೋಡುವುದಿಲ್ಲ. ಇದೇ ಬುಡದ ಮೇಲೆ ನೀನು ಏನು ಹೇಳ್ತೀಯ, ಅದೇ ಪಂದ್ಯ.

ಸ್ಲೆಂಗ್ ಟೆಂಗ್‌ನ ಬುಡ ಸಿಕ್ಕಿದ್ದು ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ. ಅದರಲ್ಲಿ ಗುಂಡಿ ಒತ್ತಿದರೆ ತಾನೇ ನುಡಿಯುವ ‘ರಾಕ್’ ತಾಳ, ಬೇಸನ್ನು ರೂಪಿಸಿದವರು ಜಪಾನಿನ ಹಿರೊಕೊ ಒಕುಡಾ. ಸಂಗೀತ ಕಾಲೇಜಿನಲ್ಲಿ ಜಮೈಕಾದ ರೆಗ್ಗೆ ಸಂಗೀತದ ಬಗ್ಗೆಯೇ ಪ್ರಬಂಧ ಬರೆದು, 1980ರಲ್ಲಿ ಕ್ಯಾಸಿಯೊ ಸೇರಿದವರು. ಕಿಂಗ್‌ಸ್ಟನ್‌ನಲ್ಲಿ ನೋಯಲ್ ಡೇವಿ ಎಂಬ ಸಂಗೀತಗಾರರ ಬಳಿ ಆ ಕೀಬೋರ್ಡ್ ಇತ್ತು. ಅವರೂ ಸ್ಮಿತ್‌ರೂ ಅದನ್ನು ವಾಟರ್‌ಹೌಸ್‌ನ ನಿರ್ಮಾಪಕ ಪ್ರಿನ್ಸ್ ಜಾಮಿ ಸ್ಟುಡಿಯೊಗೆ ಒಯ್ದರು. ಜಾಮಿ ವೇಗ ತಗ್ಗಿಸಿ, ಪಿಯಾನೊ ಮತ್ತು ಚಪ್ಪಾಳೆ ಸದ್ದು ಸೇರಿಸಿದರು. ನನ್ನ ಕಿವಿಗೆ ನಿಜವಾದ ಜಾಣತನ ಕೇಳಿಸುವುದು ಆ ವೇಗದಲ್ಲಿ. ನಿಧಾನವಾದಷ್ಟೂ ಬೇಸ್‌ನ ಪ್ರತಿ ಪೆಟ್ಟಿಗೂ ತುಂಬಿ ಮೊಳಗಲು ಸಮಯ ಸಿಗುತ್ತದೆ. ನಡುವಿನ ಸ್ವರಗಳಲ್ಲಿ ಗದ್ದಲವಿಲ್ಲ, ಆ ಜಾಗ ಪೂರ್ತಿ ದನಿಗೆ.

ಆ ಜಾಗ ಸುಮ್ನೆ ಬಿಟ್ಟದ್ದಲ್ಲ. ಸೌಂಡ್ ಸಿಸ್ಟಮ್ ಅಂದರೆ ಅಲ್ಲಿ ಬಾಕ್ಸ್‌ಗಳ ರಾಶಿ ಮಾತ್ರ ಅಲ್ಲ, ಒಂದು ತಂಡ. ರೆಕಾರ್ಡ್ ಹಾಕುವವನು ಸೆಲೆಕ್ಟರ್. ಮೈಕ್ ಹಿಡಿದು ತಾಳದ ಮೇಲೆ ಮಾತು ಪೋಣಿಸುವವನು ಡೀಜೆ. ನಾವು ಡೀಜೆ ಅನ್ನುವುದು ರೆಕಾರ್ಡ್ ಹಾಕುವವನಿಗೆ, ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಜನ ಕುಣಿದು ಕೂಗಿದರೆ ಸೆಲೆಕ್ಟರ್ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಮತ್ತೆ ಮೊದಲಿಂದ ಹಾಕುತ್ತಾನೆ. ರಿಡಿಮ್‌ಗೆ ಸಿಗುವ ಮೊದಲ ಅಂಕ ಅದೇ.

ಸ್ಲೆಂಗ್ ಟೆಂಗ್‌ಗೆ ಆ ಪರೀಕ್ಷೆ ನಡೆದದ್ದು 1985ರ ಫೆಬ್ರವರಿ 23ರಂದು, ಕಿಂಗ್‌ಸ್ಟನ್‌ನ ವಾಲ್ಥಮ್ ಪಾರ್ಕ್ ರಸ್ತೆಯಲ್ಲಿ. ಜಾಮಿ ಸೌಂಡಿಗೂ ಬ್ಲ್ಯಾಕ್ ಸ್ಕಾರ್ಪಿಯೊ ಸೌಂಡಿಗೂ ಅಂದು ಕ್ಲ್ಯಾಶ್, ಅಂದರೆ ಎರಡು ತಂಡಗಳ ಪೈಪೋಟಿ. ಜನ ಹುಚ್ಚೆದ್ದರು. ಅದೇ ಬುಡದ ಮೇಲೆ ಟೆನರ್ ಸಾ ಹಾಡಿದರು, ಜಾನಿ ಆಸ್ಬೋರ್ನ್ ಹಾಡಿದರು, ಆಮೇಲೆ ನೂರಾರು ಹಾಡು ಬಂದವು. ಎಷ್ಟೋ ಸ್ಟುಡಿಯೊಗಳು ಯಂತ್ರದ ಕಡೆ ತಿರುಗಿದವು. ಅಲ್ಲಿ ನುಡಿಸುತ್ತಿದ್ದ ಎಷ್ಟೋ ಬೇಸ್, ಡ್ರಮ್ ವಾದಕರಿಗೆ ಕೆಲಸ ತಪ್ಪಿತು. ಜಾಲರಿ ಮೇಲೆ ಕೈ ಇಟ್ಟಾಗ ಅವರ ನೆನಪೂ ಆಗುತ್ತದೆ.