ಡಾಕ್ಟರ್ ಪಾತ್ರ ಸಿಕ್ಕಿದೆ, ಆ ಪದಗಳನ್ನೆಲ್ಲ ಬಾಯಿಪಾಠ ಮಾಡೋದು ಹೇಗೆ?

ಪ್ರಶ್ನೆ: ಧಾರಾವಾಹಿಯೊಂದರಲ್ಲಿ ಡಾಕ್ಟರ್ ಪಾತ್ರ ಸಿಕ್ಕಿದೆ. ಮೆಡಿಕಲ್ ಪದಗಳಿಗೆ ನಾಲಿಗೆಯೇ ಹೊರಳುತ್ತಿಲ್ಲ. ಬಾಯಿಪಾಠ ಮಾಡಲು ಏನಾದರೂ ಉಪಾಯ ಇದೆಯಾ?

ಉತ್ತರ: ಮತ್ತೆ ಅದೇ ಪ್ರಶ್ನೆ! ಚಾನೆಲ್ ಬದಲಾಗುತ್ತದೆ, ಪಾತ್ರ ಬದಲಾಗುತ್ತದೆ, ಇದೊಂದು ಮಾತ್ರ ಬದಲಾಗುವುದಿಲ್ಲ. ಸರಿ, ಇನ್ನೊಂದು ಸಲ ಹೇಳುತ್ತೇನೆ. ಉರು ಹೊಡೆಯಬೇಡಿ. ಪದದ ಅರ್ಥ ತಿಳಿದುಕೊಳ್ಳಿ, ಡಾಕ್ಟರ್ ಕೈ ಮಾಡುವ ಕೆಲಸ ಕಲಿಯಿರಿ.

ನಮ್ಮ ಸೀರಿಯಲ್ ಸೆಟ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಎಷ್ಟೋ ಸಲ ಸೀನ್ ಪೇಪರ್ ಕೈಗೆ ಬರುವುದೇ ಮೇಕಪ್ ಮಾಡಿಸಿಕೊಳ್ಳುವಾಗ. ಮಾತು ಮರೆತರೆ ಪಕ್ಕದಿಂದ ಪ್ರಾಂಪ್ಟ್ ಮಾಡುವವರು ಇರುತ್ತಾರೆ. ಆದರೆ ನಿಮ್ಮ ಕೈಗೆ ಯಾರು ಪ್ರಾಂಪ್ಟ್ ಮಾಡುತ್ತಾರೆ?

ಡಾಕ್ಟರ್ ಅಂದರೆ ದೊಡ್ಡ ದೊಡ್ಡ ಪದ ಅನ್ನುವ ನಂಬಿಕೆ ಎಲ್ಲಿಂದ ಬಂತೋ! ಯಾವುದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಪರಿಚಯದ ಡಾಕ್ಟರ್ ಇದ್ದರೆ, ಒಪ್ಪಿಗೆ ಕೇಳಿ ಓಪಿಡಿಯಲ್ಲಿ ಅರ್ಧ ದಿನ ಕೂತು ಬನ್ನಿ. ಅವರು ಏನು ಮಾತಾಡುತ್ತಾರೆ? "ಎಷ್ಟು ದಿನದಿಂದ ಅಮ್ಮಾ? ಊಟ ಸೇರುತ್ತಾ? ಜೋರಾಗಿ ಉಸಿರು ತಗೊಳ್ಳಿ... ಹಾಂ, ಬಿಡಿ." ಅಷ್ಟೇ. 'ಟ್ಯಾಕಿಕಾರ್ಡಿಯಾ' ಬರುವುದು ಪಕ್ಕದ ಜೂನಿಯರ್ ಜೊತೆ ಮಾತಾಡುವಾಗ. ಅದೂ ಕಾಫಿಗೆ ಸಕ್ಕರೆ ಕಮ್ಮಿ ಅಂದಷ್ಟೇ ಸಲೀಸಾಗಿ. ಹೊಸ ನಟರು ಆ ಪದ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು ಹುಬ್ಬು ಏರಿಸುತ್ತಾರೆ. ಸಿಕ್ಕಿಬೀಳುವುದೇ ಅಲ್ಲಿ. ಟ್ಯಾಕಿಕಾರ್ಡಿಯಾ ಅಂದರೆ ಎದೆಬಡಿತ ನಿಮಿಷಕ್ಕೆ 100 ದಾಟಿದೆ ಅಂತ, ಅಷ್ಟೇ. ಅರ್ಥ ಗೊತ್ತಿದ್ದವರ ಕಣ್ಣು ತಾನಾಗಿ ಮಾನಿಟರ್ ಕಡೆ ಹೋಗುತ್ತದೆ. ಪದ ಮಾತ್ರ ಗೊತ್ತಿದ್ದವರ ಕಣ್ಣು ಪ್ರಾಂಪ್ಟ್ ಮಾಡುವವರ ಕಡೆ ಹೋಗುತ್ತದೆ.

ಅಮೆರಿಕದಲ್ಲಿ 2025ರಲ್ಲಿ ಶುರುವಾದ 'ದಿ ಪಿಟ್' ಎಂಬ ಆಸ್ಪತ್ರೆ ಕಥೆಯ ಟಿವಿ ಸರಣಿಯ ನಟರಿಗೆ ಶೂಟಿಂಗ್‌ಗೆ ಮೊದಲು ಎರಡು ವಾರ ತರಬೇತಿ ಕೊಟ್ಟರು. ಕಲಿಸಿದವರು ನಿಜವಾದ ಎಮರ್ಜೆನ್ಸಿ ಡಾಕ್ಟರ್‌ಗಳು. ನಮಗೆ ಎರಡು ವಾರ ಯಾರು ಕೊಡುತ್ತಾರೆ ಅಂತೀರಾ? ನಿಜ, ಕೊಡುವುದಿಲ್ಲ. ಒಂದು ಸಂಜೆ ಸಾಕು, ಒಬ್ಬ ಸಿಸ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು ಸ್ಟೆತಸ್ಕೋಪ್. ಕಿವಿಗೆ ಹಾಕುವ ತುದಿಗಳು ಮುಂದಕ್ಕೆ, ಮೂಗಿನ ಕಡೆಗೆ ಬಾಗಿರಬೇಕು, ಯಾಕೆಂದರೆ ಕಿವಿಯ ಒಳದಾರಿ ಹೋಗುವುದೇ ಆ ಕಡೆಗೆ. ಹಿಂದುಮುಂದಾಗಿ ಹಾಕಿಕೊಂಡವರನ್ನು ನೋಡಿ ಮನೆಯಲ್ಲಿ ಕೂತ ನರ್ಸ್‌ಗಳು ನಗುತ್ತಾರೆ, ಗೊತ್ತಿರಲಿ. ಎದೆಯ ಶಬ್ದ ಕೇಳುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಟ್ಟು ಹೋಲಿಸಿ, ಆಮೇಲೆ ಬೆನ್ನಿಗೆ ಹೋಗಿ. ಆ ಹೊತ್ತಲ್ಲಿ ಡೈಲಾಗ್ ಬೇಡ. ಮಾತಾಡುತ್ತಾ ಇದ್ದರೆ ಏನು ಕೇಳಿಸುತ್ತದೆ? ನಾಡಿ ನೋಡುವಾಗ ತೋರುಬೆರಳು, ನಡುಬೆರಳು ಬಳಸಿ. ಹೆಬ್ಬೆರಳಿಗೆ ಅದರದೇ ನಾಡಿ ಇರುತ್ತದೆ. ಗ್ಲೌಸ್ ಬಿಚ್ಚುವಾಗ ಬೆರಳ ತುದಿ ಹಿಡಿದು ಜಗ್ಗಬೇಡಿ, ಮಣಿಕಟ್ಟಿನಿಂದ ಒಳಮೈ ಹೊರಗೆ ಬರುವಂತೆ ಸುಲಿಯಿರಿ. ಆಪರೇಷನ್‌ಗೆ ಕೈ ತೊಳೆದ ಮೇಲೆ ಕೈಗಳು ಮೊಣಕೈಗಿಂತ ಮೇಲೇ ಇರಲಿ, ಕೂದಲು ಸರಿ ಮಾಡಿಕೊಳ್ಳುವ ಆಸೆ ಬಂದರೂ!

ಯಾರೂ ಕೇಳಿಲ್ಲ, ಆದರೂ ಎದೆ ಒತ್ತುವ ಸೀನ್ ಬಗ್ಗೆ ಹೇಳಿಬಿಡುತ್ತೇನೆ. ನಿಜವಾದ ಸಿಪಿಆರ್‌ನಲ್ಲಿ, ಅಂದರೆ ಹೃದಯ ನಿಂತವರ ಎದೆ ಒತ್ತುವಾಗ, ಮೊಣಕೈ ನೆಟ್ಟಗಿರುತ್ತದೆ. ದೊಡ್ಡವರಾದರೆ ಎದೆ ಕನಿಷ್ಠ 5 ಸೆಂಟಿಮೀಟರ್ ಕುಸಿಯಬೇಕು, ನಿಮಿಷಕ್ಕೆ 100ರಿಂದ 120 ಸಲ. ಜೀವಂತ ಸಹನಟರ ಮೇಲೆ ಇದನ್ನು ಮಾಡಿದರೆ ಪಕ್ಕೆಲುಬು ಮುರಿದೀತು. ಅದಕ್ಕೇ ಟಿವಿಯಲ್ಲಿ ಎಲ್ಲರೂ ಮೊಣಕೈ ಮಡಚಿ ಸುಮ್ನೆ ಕುಣಿಯುತ್ತಾರೆ. ಬೊಂಬೆ ತರಿಸಿ ಅಂತ ಕೇಳಿ. ಇಲ್ಲವಾದರೆ ಫ್ರೇಮ್ ನಿಮ್ಮ ಭುಜದವರೆಗೆ ಮಾತ್ರ ಇರಲಿ.

ಇನ್ನು ಎದೆಗೆ ಕೊಡುವ ಕರೆಂಟ್ ಶಾಕ್. ಮಾನಿಟರ್‌ನಲ್ಲಿ ಗೆರೆ ಚಪ್ಪಟೆಯಾದರೆ ಶಾಕ್ ಕೊಡುವುದಿಲ್ಲ, ಸಿಪಿಆರ್ ಮತ್ತು ಅಡ್ರಿನಲಿನ್ ಇಂಜೆಕ್ಷನ್ ಕೊಡುತ್ತಾರೆ. ಶಾಕ್ ಕೊಡುವುದು ಹೃದಯ ಲಯ ತಪ್ಪಿ ಅದುರುತ್ತಿರುವಾಗ. 1996ರಲ್ಲಿ ಅಮೆರಿಕದ ಸಂಶೋಧಕರು ಮೂರು ಟಿವಿ ಸರಣಿಗಳನ್ನು ನೋಡಿ ಲೆಕ್ಕ ಹಾಕಿದಾಗ, ಸಿಪಿಆರ್ ಆದವರಲ್ಲಿ ಶೇ. 75ರಷ್ಟು ಜನ ಆ ಕ್ಷಣಕ್ಕೆ ಬದುಕಿದ್ದರು! ನಿಜವಾದ ಆಸ್ಪತ್ರೆಯಲ್ಲಿ ಅಷ್ಟು ಜನ ಎಲ್ಲಿ ಬದುಕುತ್ತಾರೆ? ನಿರ್ದೇಶಕರು ಶಾಕ್ ಬೇಕೇ ಬೇಕು ಅಂದರೆ ಗೆರೆ ಅಂಕುಡೊಂಕಾಗಿ ಇರಲಿ ಸಾರ್ ಅಂತ ಮೆಲ್ಲಗೆ ಹೇಳಿ ನೋಡಿ. ಬಟನ್ ಒತ್ತುವ ಮುಂಚೆ ಎಲ್ಲರೂ ಮಂಚದಿಂದ ಕೈ ತೆಗೆದರಾ ಅಂತ ನೋಡಿಕೊಳ್ಳಿ, ರೋಗಿಯ ಕೈ ಹಿಡಿದು ಅಳುತ್ತಿರುವ ಅತ್ತೆಯೂ ಸೇರಿ.