ಬಿಸಿಲಿಗೆ ಎಷ್ಟು ಟನ್, ಸೆಕೆಗೆ ಎಷ್ಟು ಟನ್?

ಸಣ್ಣ ವಾಣಿಜ್ಯ ಕಟ್ಟಡಕ್ಕೆ ಎಸಿ ಆಯ್ಕೆ ಮಾಡುವ ಪಾಠ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಟನ್ ಲೆಕ್ಕ. ಅದು ಯಂತ್ರದ ತೂಕ ಅಲ್ಲ. 0 ಡಿಗ್ರಿಯಲ್ಲಿರುವ 907 ಕೆಜಿ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿ ನೀರಾಗಲು ಎಷ್ಟು ಶಾಖ ಹೀರುತ್ತದೋ, ಆ ವೇಗಕ್ಕೆ 1 ಟನ್ ಎಂದು ಹೆಸರು. ಈಗಿನ ಅಳತೆಯಲ್ಲಿ ಸುಮಾರು 3.5 ಕಿಲೋವ್ಯಾಟ್. ಈ ಒಂದು ಸಂಖ್ಯೆ ನೆನಪಿದ್ದರೆ ಮುಂದಿನದೆಲ್ಲ ಕೂಡಿಸುವ, ಭಾಗಿಸುವ ಕೆಲಸ.

ಮಂಗಳೂರಿನಲ್ಲಿ ಒಂದು ಕಟ್ಟಡ ಇದೆ ಅಂದುಕೊಳ್ಳಿ. ಕೆಳಗೆ 8 ಜನ ಕೂರುವ ಆಡಿಟರ್ ಆಫೀಸು. ಮೇಲೆ, ತಾರಸಿಯ ಕೆಳಗೇ, 40 ಮಕ್ಕಳ ಟ್ಯೂಷನ್ ಕ್ಲಾಸು. ಎರಡೂ 650 ಚದರಡಿ. ಚದರಡಿ ನೋಡಿ ಟನ್ ಹೇಳುವ ಅಂಗಡಿ ಲೆಕ್ಕದಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಅಲ್ಲೇ ತಪ್ಪು ಶುರು.

ಮೇಲಿನ ಮಹಡಿ ನೋಡೋಣ. ಸುಮ್ನೆ ಕೂತ ಒಬ್ಬ ಮನುಷ್ಯ ಸುಮಾರು 115 ವ್ಯಾಟ್ ಶಾಖ ಬಿಡುತ್ತಾನೆ. 40 ಜನಕ್ಕೆ 4.6 ಕಿಲೋವ್ಯಾಟ್. ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿಯಿಂದ 1 ಟನ್ ಆಸುಪಾಸು, ಅಂದರೆ 3.5 ಕಿಲೋವ್ಯಾಟ್. ಕಿಟಕಿ, ಗೋಡೆ, ದೀಪಕ್ಕೆ 2 ಕಿಲೋವ್ಯಾಟ್ ಇಡಿ. ಇಷ್ಟರವರೆಗೆ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಹೊರಗಿನ ಗಾಳಿ.

ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆ. 40 ಮಕ್ಕಳನ್ನು ಕೂರಿಸಿ ಕಿಟಕಿ ಮುಚ್ಚಿದರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ತೂಕಡಿಕೆ ಬರುತ್ತದೆ. ಹಾಗಾಗಿ ಹೊಸ ಗಾಳಿ ಬೇಕೇ ಬೇಕು. ತಲೆಗೆ ಸೆಕೆಂಡಿಗೆ 5 ಲೀಟರ್ ಹಿಡಿದರೆ ಒಟ್ಟು 200 ಲೀಟರ್.

ಇಲ್ಲಿ ನಮ್ಮ ಭಾಷೆಯ ಎರಡು ಪದ ನನಗೆ ತುಂಬ ಸಹಾಯ ಮಾಡಿದವು. ಕಲಬುರಗಿಯವರು ಬೇಸಿಗೆಯಲ್ಲಿ 'ಬಿಸಿಲು' ಅನ್ನುತ್ತಾರೆ, ಮಂಗಳೂರಿನವರು 'ಸೆಕೆ' ಅನ್ನುತ್ತಾರೆ. ಪಠ್ಯದಲ್ಲಿರುವ ಸೆನ್ಸಿಬಲ್ ಹೀಟ್ ಮತ್ತು ಲೇಟೆಂಟ್ ಹೀಟ್ ಹೆಚ್ಚುಕಮ್ಮಿ ಇವೇ. ಒಂದು ಥರ್ಮಾಮೀಟರಿನಲ್ಲಿ ಕಾಣುತ್ತದೆ. ಇನ್ನೊಂದು ಗಾಳಿಯ ತೇವದಲ್ಲಿ ಅಡಗಿರುತ್ತದೆ. ಆ ತೇವವನ್ನು ನೀರಾಗಿ ಇಳಿಸಲೂ ಎಸಿ ದುಡಿಯಬೇಕು.

ಮಂಗಳೂರಿನಲ್ಲಿ ಹೊರಗೆ 33 ಡಿಗ್ರಿ, ತೇವಾಂಶ ಶೇ. 65. ಒಳಗೆ ನಮಗೆ ಬೇಕಾದ್ದು 25 ಡಿಗ್ರಿ, ಶೇ. 55. ಆ 200 ಲೀಟರ್ ಗಾಳಿಯ ಬಿಸಿ ಇಳಿಸಲು 2 ಕಿಲೋವ್ಯಾಟ್‌ಗಿಂತ ಕಡಿಮೆ ಸಾಕು. ಅದರ ತೇವ ಇಳಿಸಲು ಮಾತ್ರ ಸುಮಾರು 5.5 ಕಿಲೋವ್ಯಾಟ್ ಬೇಕು! ಎರಡೂ ಸೇರಿ 2 ಟನ್ ದಾಟುತ್ತದೆ. ಈಗ ಅದೇ ಗಾಳಿಯನ್ನು ಕಲಬುರಗಿಗೆ ಒಯ್ಯಿರಿ. ಹೊರಗೆ 42 ಡಿಗ್ರಿ, ತೇವಾಂಶ ಶೇ. 20. ಆ ಒಣ ಗಾಳಿಯಲ್ಲಿ ಇಳಿಸಲು ಹೆಚ್ಚುವರಿ ನೀರೇ ಇಲ್ಲ. ಸುಮಾರು 1 ಟನ್ನಿಗೆ ಕೆಲಸ ಮುಗಿಯುತ್ತದೆ. 9 ಡಿಗ್ರಿ ಜಾಸ್ತಿ ಬಿಸಿ ಇರುವ ಊರಲ್ಲಿ ಹೊಸ ಗಾಳಿಗೆ ಮಂಗಳೂರಿಗೆ ಬೇಕಾದ್ದರಲ್ಲಿ ಅರ್ಧ ಸಾಕು ಎಂದರ್ಥ. ಈ ಲೆಕ್ಕವನ್ನು ನೀವೂ ಸೈಕ್ರೋಮೆಟ್ರಿಕ್ ಚಾರ್ಟ್ (ಗಾಳಿಯ ಬಿಸಿ, ತೇವ ಎರಡನ್ನೂ ಒಟ್ಟಿಗೆ ತೋರಿಸುವ ನಕ್ಷೆ) ಇಟ್ಟುಕೊಂಡು ಒಮ್ಮೆ ಮಾಡಿ ನೋಡಿ. ಕಲಬುರಗಿಯಲ್ಲಿ ಏರ್ ಕೂಲರ್ ತಂಪು ಕೊಡುವುದಕ್ಕೂ, ಮಂಗಳೂರಿನಲ್ಲಿ ಅದು ಅಂಟಂಟು ಮಾಡುವುದಕ್ಕೂ ಇದೇ ಕಾರಣ.

ಮೇಲಿನ ಕ್ಲಾಸಿಗೆ ಎಲ್ಲ ಕೂಡಿಸಿದರೆ 17.6 ಕಿಲೋವ್ಯಾಟ್, ಅಂದರೆ 5 ಟನ್. ಕೆಳಗಿನ ಆಫೀಸಿಗೆ ಕಂಪ್ಯೂಟರ್ ಸೇರಿಸಿಯೂ 2 ಟನ್ ಒಳಗೇ ಮುಗಿಯುತ್ತದೆ. ಒಂದೇ ಚದರಡಿ!

'ಇರಲಿ, ಒಂದು ಟನ್ ಜಾಸ್ತಿಯೇ ಹಾಕಿಸೋಣ' ಅನ್ನುವುದು ಸೆಕೆಯ ಊರಿಗೆ ಒಳ್ಳೆಯದಲ್ಲ. ದೊಡ್ಡ ಯಂತ್ರ ಬೇಗ ತಣಿಸಿ ಕಂಪ್ರೆಸರ್ ನಿಲ್ಲಿಸುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ. ಗಾಳಿಯನ್ನು ತಣಿಸುವ ಕೊಳವೆ ಸುರುಳಿಯ, ಅಂದರೆ ಕಾಯಿಲ್ ಮೇಲಿನ ನೀರು ಮತ್ತೆ ಗಾಳಿಗೆ ಸೇರುತ್ತದೆ. ಕೋಣೆ ತಣ್ಣಗಿರುತ್ತದೆ, ಆದರೆ ಮೈ ಹಸಿಹಸಿ. ಇನ್ವರ್ಟರ್ ಯಂತ್ರ ನಿಧಾನಕ್ಕೂ ಓಡುತ್ತದೆ, ಆದ್ದರಿಂದ ತೊಂದರೆ ಕಮ್ಮಿಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಯಾವುದು ಹಾಕಬೇಕು? ಕೆಳಗೆ ಇನ್ವರ್ಟರ್ ಸ್ಪ್ಲಿಟ್ ಸಾಕು, ಜತೆಗೆ ಹೊರಗಾಳಿಗೊಂದು ಸಣ್ಣ ಫ್ಯಾನು. ಮೇಲೆ 5.5 ಟನ್ನಿನ ಒಂದೇ ಡಕ್ಟಬಲ್ ಯಂತ್ರ, ಅಂದರೆ ಕೊಳವೆಗಳ ಮೂಲಕ ತಂಪು ಗಾಳಿ ಹಂಚುವಂಥದ್ದು, ಹಾಕಬಹುದು. ಆದರೆ ಅದು ಕೆಟ್ಟ ದಿನ ಕ್ಲಾಸೇ ಇಲ್ಲ. ನಾನಾದರೆ ಚಾವಣಿಯಲ್ಲಿ ಹುದುಗಿಸುವ ಕ್ಯಾಸೆಟ್ ಎಸಿ ಎರಡು ಹಾಕುತ್ತೇನೆ, 2 ಟನ್ನಿನದೊಂದು, 3 ಟನ್ನಿನದೊಂದು. ಬೆಳಗಿನ 15 ಮಕ್ಕಳ ಬ್ಯಾಚಿಗೆ ಚಿಕ್ಕದು ಸಾಕು. ಹೊರಗಾಳಿ ಎಳೆಯುವ ಫಿಲ್ಟರ್ ಫ್ಯಾನನ್ನೂ ಮಕ್ಕಳ ಸಂಖ್ಯೆ ನೋಡಿ ನಿಧಾನ ಮಾಡುವಂತಿರಬೇಕು. ಒಂದು ಔಟ್‌ಡೋರ್ ಯೂನಿಟ್‌ಗೆ ಹಲವು ಇಂಡೋರ್ ಜೋಡಿಸುವ ವಿಆರ್‌ಎಫ್ ಒಬ್ಬನೇ ಮಾಲೀಕನ, ಹಲವು ಕೋಣೆಗಳ ಕಟ್ಟಡಕ್ಕೆ ಚೆಂದ. ಬೇರೆ ಬೇರೆ ಮೀಟರಿನ ಬಾಡಿಗೆದಾರರಿದ್ದರೆ ಬಿಲ್ ಹಂಚುವುದೇ ಜಗಳ ಆಗುತ್ತದೆ.

ಸ್ಟಾರ್ ಲೇಬಲ್ ಓದುವಾಗ ಒಂದು ಎಚ್ಚರ. ಅದರ ಮೇಲಿನ ವಾರ್ಷಿಕ ಯೂನಿಟ್ 1600 ಗಂಟೆಯ ಬಳಕೆಗೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಓಡಿಸಿದರೆ 3000 ಗಂಟೆ ಆಯಿತು. ಮನೆಗೆ ದುಬಾರಿ ಅನ್ನಿಸುವ 5 ಸ್ಟಾರ್ ಇಲ್ಲಿ ಬೇಗ ಹಣ ವಾಪಸ್ ತರುತ್ತದೆ.

ಕರಾವಳಿಯಲ್ಲಿ ಇನ್ನೆರಡು ಕೆಲಸ ಇವೆ. ಉಪ್ಪುಗಾಳಿಗೆ ಔಟ್‌ಡೋರ್ ಯೂನಿಟ್ಟಿನ ತೆಳು ರೆಕ್ಕೆಗಳು ತಿಂದುಹೋಗುತ್ತವೆ. ಅದಕ್ಕೆ ಲೇಪನವಿರುವ ಕಾಯಿಲ್ ಕೇಳಿ ಪಡೆಯಿರಿ. ಇನ್ನೊಂದು ಡ್ರೈನ್ ಪೈಪು. ಹೊರಗಾಳಿಯಿಂದಲೇ ಗಂಟೆಗೆ ಸುಮಾರು 8 ಲೀಟರ್ ನೀರು ಇಳಿಯುತ್ತದೆ. ಮಕ್ಕಳ ಉಸಿರು, ಬೆವರಿನದು ಸೇರಿದರೆ 10 ಲೀಟರ್ ದಾಟುತ್ತದೆ. ಗಂಟೆಗೊಂದು ಕೊಡ ನೀರು ಹರಿಯುವಷ್ಟು ಇಳಿಜಾರು ಆ ಪೈಪಿಗೆ ಇದೆಯೇ ಎಂದು ಚಾವಣಿ ಮುಚ್ಚುವ ಮೊದಲೇ ನೀರು ಸುರಿದು ನೋಡಬೇಕು.