ಸೀಸ ಮತ್ತು ಆಟಿಸಂ: ಬಾಣ ಯಾವ ಕಡೆಗೆ?

ಮೂರು ಸಲ ಓದಿದ ಮೇಲೆ ಈ ಪಾಠ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಸ್ಪೀಚ್ ಥೆರಪಿ ಓದುತ್ತಿರುವ ಬೇರೆಯವರಿಗೂ ಆದೀತು. ಸೀಸ ನರಗಳಿಗೆ ವಿಷ ಅನ್ನುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಒಂದೇ ಮಾತು: ನುಂಗಿದ ಸೀಸದಲ್ಲಿ ದೊಡ್ಡವರ ಮೈ ಸುಮಾರು ಹತ್ತರಲ್ಲಿ ಒಂದು ಪಾಲು ಹೀರಿದರೆ, ಪುಟ್ಟ ಮಗುವಿನ ಮೈ ಹೆಚ್ಚುಕಡಿಮೆ ಅರ್ಧ ಹೀರಿಕೊಳ್ಳುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ.

ನಾನು ಎಡವಿದ್ದು ಇಲ್ಲಿ

ಆಟಿಸಂ ಇರುವ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ, ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ಮೊದಲನೆಯದನ್ನು ಓದಿದ್ದೇ ತಡ, ನಾನು ನೋಟ್ಸ್‌ನಲ್ಲಿ 'ಸೀಸ → ಆಟಿಸಂ' ಅಂತ ಬರೆದುಬಿಟ್ಟೆ. ಅಲ್ಲೇ ಕಾಲು ಜಾರಿದ್ದು.

ಒಂದು ಮಗು ಅಂದುಕೊಳ್ಳಿ. ಐದು ವರ್ಷ. ಇನ್ನೂ ಕಿಟಕಿಯ ಅಂಚು ನೆಕ್ಕುತ್ತದೆ, ಗೋಡೆಯಿಂದ ಎದ್ದ, ಸೀಸ ಬೆರೆತ ಹಳೆ ಬಣ್ಣದ ಚಕ್ಕೆಯನ್ನು ಉಗುರಿನಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ತಿನ್ನಬಾರದ್ದನ್ನು ತಿನ್ನುವ ಈ ಅಭ್ಯಾಸಕ್ಕೆ ಪೈಕಾ ಅನ್ನುತ್ತಾರೆ, ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಡೆಸಿಲೀಟರ್‌ಗೆ 8 ಮೈಕ್ರೋಗ್ರಾಂ ಸೀಸ ಬಂತು. ಸೀಸದಿಂದ ಆಟಿಸಂ ಬಂತೋ, ಆಟಿಸಂ ಇದ್ದುದರಿಂದ ಸೀಸ ಹೊಟ್ಟೆಗೆ ಹೋಯಿತೋ? ಆ 8 ನೋಡಿ ಹೇಳಲು ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಅನ್ನುವುದೇ ನನಗೆ ತುಂಬ ಹೊತ್ತು ಹಿಡಿದದ್ದು. ರಕ್ತದಲ್ಲಿ ಸೀಸದ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಸುಮಾರು ಒಂದು ತಿಂಗಳು. ಅಂದರೆ ಇವತ್ತಿನ ರಕ್ತ ಮುಖ್ಯವಾಗಿ ಈಚಿನ ವಾರ, ತಿಂಗಳುಗಳ ಕತೆ ಹೇಳುತ್ತದೆ. ಮಿದುಳು ಭರದಿಂದ ಬೆಳೆದದ್ದು ಗರ್ಭದಲ್ಲಿ, ಆಮೇಲೆ ಮೊದಲ ಎರಡು ವರ್ಷದಲ್ಲಿ. ಐದನೇ ವರ್ಷದ ರಕ್ತದಲ್ಲಿ ಆ ಕಾಲದ ಲೆಕ್ಕ ಸಿಗಲ್ಲ. ತಿರುಗಿಸಿಯೂ ನೋಡಿ: ಒಂದನೇ ವರ್ಷದಲ್ಲಿ 20 ಇದ್ದ ಮಗುವಿಗೆ, ಮನೆ ಬದಲಾದ ಮೇಲೆ ಈಗ 3 ಬರಬಹುದು. ರಿಪೋರ್ಟ್ ನೋಡಿ 'ಸೀಸದ ತೊಂದರೆ ಇರಲೇ ಇಲ್ಲ' ಅಂದುಬಿಡುತ್ತೇವೆ.

ಹಾಗಾದರೆ 20, 10, 5, 2.5 ಅಂತ ಮೂರೇ ತಿಂಗಳಲ್ಲಿ ಇಳಿಯಬೇಕಲ್ವಾ? ನಾನೂ ಹಾಗೇ ಲೆಕ್ಕ ಹಾಕಿದ್ದೆ. ಇಳಿಯಲ್ಲ. ಸೀಸ ಕ್ಯಾಲ್ಸಿಯಂನ ವೇಷ ಹಾಕಿ ಮೂಳೆಗೆ ಸೇರಿಕೊಂಡು ಅಲ್ಲಿ ವರ್ಷಗಟ್ಟಲೆ ಕೂರುತ್ತದೆ, ಮೆಲ್ಲಗೆ ರಕ್ತಕ್ಕೆ ವಾಪಸ್ ಸೋರುತ್ತದೆ. ಹಾಗಾಗಿ ಇಳಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಹಳೆಯ ಲೆಕ್ಕ ಬೇಕಿದ್ದರೆ ಹಾಲುಹಲ್ಲು ನೋಡಬೇಕು. ಮರದ ಕಾಂಡದೊಳಗಿನ ಬಳೆಗಳ ಹಾಗೆ ಹಲ್ಲು ಪದರ ಪದರವಾಗಿ ಬೆಳೆಯುತ್ತದೆ, ಹುಟ್ಟಿದ ದಿನ ಒಂದು ಗೆರೆ ಬೀಳುತ್ತದೆ. 2017ರಲ್ಲಿ ಸ್ವೀಡನ್‌ನ ಅವಳಿ ಮಕ್ಕಳ ಹಲ್ಲು ಪರೀಕ್ಷಿಸಿದಾಗ ಆಟಿಸಂ ಇದ್ದವರಲ್ಲಿ ಸೀಸ ಹೆಚ್ಚಿತ್ತು, ಅಂತರ ಅತಿ ದೊಡ್ಡದಾಗಿದ್ದು ಹುಟ್ಟಿ ಸುಮಾರು 15 ವಾರಕ್ಕೆ. ಆ ವಯಸ್ಸಿನ ಕೂಸು ಇನ್ನೂ ಅಂಬೆಗಾಲೇ ಇಡುವುದಿಲ್ಲ, ಗೋಡೆ ಎಲ್ಲಿ ಕೆರೆಯುತ್ತದೆ! ಅಲ್ಲಿಗೆ ಪೈಕಾ ಒಂದೇ ಉತ್ತರ ಅಲ್ಲ. ಆದರೆ ಮಕ್ಕಳ ಸಂಖ್ಯೆ ಸಣ್ಣದು. ಅದೇ ಹಲ್ಲುಗಳಲ್ಲಿ ಸತು, ಮ್ಯಾಂಗನೀಸ್ ಕಡಿಮೆ ಇದ್ದವು, ಅಂದರೆ ಮೈ ಲೋಹಗಳನ್ನು ನಿಭಾಯಿಸುವ ರೀತಿಯೇ ಬೇರೆ ಇರಬಹುದು. ಈಗ ನನ್ನ ನೋಟ್ಸ್‌ನಲ್ಲಿ ಎರಡೂ ಕಡೆ ಬಾಣ, ಮೇಲೊಂದು ಪ್ರಶ್ನೆ ಚಿಹ್ನೆ.

ಮಿತಿಯ ಅಂಕಿ

ಮಗುವಿನ ರಕ್ತದಲ್ಲಿ ಸೀಸ ಎಷ್ಟಿದ್ದರೆ ಗಮನ ಕೊಡಬೇಕು ಅನ್ನುವುದಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 1991ರಲ್ಲಿ 10 ಅಂದಿತ್ತು, 2012ರಲ್ಲಿ 5, 2021ರಲ್ಲಿ 3.5. ಇದು 'ಇಷ್ಟರವರೆಗೆ ಪರವಾಗಿಲ್ಲ' ಅನ್ನುವ ಮಿತಿ ಅಲ್ಲ. ಸುರಕ್ಷಿತ ಮಟ್ಟ ಅಂತ ಯಾವುದೂ ಗೊತ್ತಿಲ್ಲ. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಿ ಅಂಕಿ ಏರಬಹುದು, ಅದಕ್ಕೇ ಜಾಸ್ತಿ ಬಂದರೆ ರಕ್ತನಾಳದಿಂದ ರಕ್ತ ತೆಗೆದು ಖಚಿತ ಮಾಡಿಕೊಳ್ಳುತ್ತಾರೆ. ಕೂದಲಿನ ಪರೀಕ್ಷೆಯನ್ನು ನಂಬಬೇಡಿ.

"ಸೀಸ ತೆಗೆಸಿದ್ರೆ ಮಾತು ಬರುತ್ತಾ ಮೇಡಂ?"

ತಾಯಂದಿರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಲೋಹ ಹೊರತೆಗೆಯುವ ಕೀಲೇಶನ್ ಔಷಧಿ ಸಾಮಾನ್ಯವಾಗಿ ರಕ್ತದ ಸೀಸ 45 ಮುಟ್ಟಿದ ಮಕ್ಕಳಿಗೆ, ಅದೂ ವೈದ್ಯರ ಕಣ್ಣೆದುರಲ್ಲಿ. ಆಟಿಸಂಗೆ ಅದು ಚಿಕಿತ್ಸೆ ಅಲ್ಲ. 20ರಿಂದ 44 ಇದ್ದ 780 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು: ರಕ್ತದ ಸೀಸ ಇಳಿಯಿತು, ಬುದ್ಧಿಯ ಪರೀಕ್ಷೆಗಳ ಅಂಕ ಏರಲಿಲ್ಲ. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಕೀಲೇಶನ್ ಕೊಡುವಾಗ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತ. ತಾಯಿಗೆ ಇದನ್ನು ಹೇಗೆ ಹೇಳುವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ.

ನಮ್ಮ ಪಾಲು

ಕೇಸ್ ಹಿಸ್ಟರಿಯಲ್ಲಿ ನಾನು ಈಗ ಸೇರಿಸಿರುವ ಪ್ರಶ್ನೆಗಳು: ಏನೇನು ಬಾಯಿಗೆ ಹಾಕುತ್ತದೆ, ಮನೆಯ ಬಣ್ಣ ಉದುರುತ್ತಿದೆಯಾ, ಮನೆಯಲ್ಲಿ ಯಾರಾದರೂ ಹಳೆ ಬ್ಯಾಟರಿ ಕೆಲಸ ಮಾಡಿ ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರಾ. ಅನುಮಾನ ಬಂದರೆ ಮಕ್ಕಳ ವೈದ್ಯರ ಹತ್ತಿರ ಕಳಿಸುವುದು. ಶ್ರವಣ ಪರೀಕ್ಷೆ ಬಿಡುವ ಹಾಗಿಲ್ಲ, ಸೀಸ ಕೇಳುವ ಶಕ್ತಿಯನ್ನೂ ಸ್ವಲ್ಪ ತಗ್ಗಿಸಬಹುದು. ಫಲಿತಾಂಶ ಬರಲಿ ಅಂತ ಥೆರಪಿ ಮಾತ್ರ ನಿಲ್ಲಿಸಬೇಡಿ. ಹಾಂ, ಥೆರಪಿ ಕೋಣೆಯ ಹಳೆ ಬಣ್ಣದ ಆಟಿಕೆಗಳನ್ನೂ ಒಮ್ಮೆ ನೋಡಿ, ನಮ್ಮ ಡಬ್ಬದಿಂದ ನಾನೇ ನಾಲ್ಕು ಎಸೆದೆ.